ಟ್ಯೂಬ್‌ಲೈಟ್ ಆರಿಸಿ ನೋಡಿ

ಮನೆಯ ಬೆಳಕು ಬದಲಿಸಲು ಗೋಡೆ ಒಡೆಸಬೇಕಿಲ್ಲ, ಫಾಲ್ಸ್ ಸೀಲಿಂಗ್ ಹಾಕಿಸಬೇಕಿಲ್ಲ. ಮೂರ್ನಾಲ್ಕು ಬಲ್ಬು, ಒಂದು ಬಿದಿರಿನ ಬುಟ್ಟಿ, ಟ್ರಂಕಿನ ತಳದಲ್ಲಿ ಮಡಚಿಟ್ಟ ಒಂದು ಖಣ ಇದ್ದರೆ ಸಾಕು. ಮುಖ್ಯವಾಗಿ ಬದಲಾಗಬೇಕಾದದ್ದು ಬೆಳಕು ಬೀಳುವ ಜಾಗ!

ದೀಪಾವಳಿಗೆ ಇನ್ನೊಂದು ವಾರ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಸಂಜೆ ಆರಕ್ಕೇ ಕಾಲಿಡಲು ಜಾಗವಿಲ್ಲ. ಅಂಗಡಿಗಳ ಮುಂದೆ ಸೀರಿಯಲ್ ಸೆಟ್ಟುಗಳು ಪರದೆಯ ಹಾಗೆ ಇಳಿಬಿದ್ದಿವೆ. ತಲೆಯ ಮೇಲೆ ರಟ್ಟಿನ ಡಬ್ಬಿಗಳನ್ನು ಹೊತ್ತ ಹಮಾಲಿಯೊಬ್ಬರು 'ಸೈಡ್, ಸೈಡ್' ಎನ್ನುತ್ತ ಜನರ ನಡುವೆ ದಾರಿ ಮಾಡಿಕೊಳ್ಳುತ್ತಿದ್ದಾರೆ. ಅದೇ ಗದ್ದಲದಲ್ಲಿ ಗೃಹಿಣಿಯೊಬ್ಬರು ಅಂಗಡಿಯೊಂದರ ಕೌಂಟರಿಗೆ ಒರಗಿ ನಿಂತು, ಕೈಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ ಒಂದು ಸುಟ್ಟ ಬಲ್ಬನ್ನು ಹೊರತೆಗೆದರು.

"ಅಣ್ಣಾ, ಇದರ ಬದ್ಲು ಒಂದು ಕೊಡಿ. ಆ ಬಿಳೀ ಲೈಟ್ ಮಾತ್ರ ಬೇಡ. ಕಣ್ಣಿಗೆ ಚುಚ್ಚುತ್ತೆ ಅಂತಾರೆ ನಮ್ಮತ್ತೆ."

"ಎಷ್ಟು ವ್ಯಾಟ್ ಕೊಡ್ಲಿ ಅಮ್ಮಾ?"

"ವ್ಯಾಟ್ ಗೀಟ್ ಗೊತ್ತಿಲ್ಲ. ಮೊದ್ಲು ಬರ್ತಿತ್ತಲ್ಲ ಹಳದಿ ಬಲ್ಬು, ಹಂಗಿರ್ಬೇಕು."

ಅಂಗಡಿಯವರು ಮಾತಾಡದೆ ಮೂರು ಡಬ್ಬಿ ಬಿಚ್ಚಿದರು. ಕೌಂಟರಿನ ಪಕ್ಕದಲ್ಲೇ ಹೋಲ್ಡರುಗಳನ್ನು ಸಾಲಾಗಿ ಕೂರಿಸಿದ ಹಲಗೆ ಇತ್ತು, ಬಲ್ಬನ್ನು ಚೆಕ್ ಮಾಡಿ ಕೊಡುವ ಹಲಗೆ. ಮೂರನ್ನೂ ಒಂದೊಂದಾಗಿ ಸಿಕ್ಕಿಸಿ ಸ್ವಿಚ್ ಒತ್ತಿದರು. ಆಕೆ ಬಲ್ಬಿನತ್ತ ನೋಡಲಿಲ್ಲ. ಅದರ ಕೆಳಗೆ ತಮ್ಮ ಅಂಗೈ ಚಾಚಿ ಅಂಗೈಯನ್ನೇ ನೋಡಿದರು. ಮೊದಲನೆಯದರಲ್ಲಿ ಅಂಗೈ ಬೂದಿ ಬಡಿದಂತಿತ್ತು. ಎರಡನೆಯದರಲ್ಲಿ ಪರವಾಗಿಲ್ಲ. ಮೂರನೆಯದು ಹೊತ್ತಿದಾಗ, ಮದುವೆ ಮನೆಯಲ್ಲಿ ಹಚ್ಚಿಕೊಂಡು ಮಾಸುತ್ತ ಬಂದಿದ್ದ ಮೆಹಂದಿಯ ಕೆಂಪು ಮತ್ತೆ ಎದ್ದು ಬಂತು. "ಇದೇ, ಇದೇ," ಎಂದರು.

ಮೂರೂ ಒಂದೇ ಕಂಪನಿಯ 9 ವ್ಯಾಟ್ ಬಲ್ಬುಗಳು. ಬೆಲೆಯಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ಬೇರೆಯಿದ್ದದ್ದು ಡಬ್ಬಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಒಂದು ಸಂಖ್ಯೆ: 6500, 4000, 3000.

ಅಂಗೈ ಹೇಳಿದ ಗುಟ್ಟು

ಆ ಸಂಖ್ಯೆ ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತದೆ. 2700ರಿಂದ 3000 ಅಂದರೆ ಹಳೆಯ ಬಲ್ಬಿನ ಹೊಂಬಣ್ಣ, ಅಂಗಡಿ ಭಾಷೆಯಲ್ಲಿ 'ವಾರ್ಮ್ ವೈಟ್'. 4000 ನಡುಮಧ್ಯದ್ದು. 6500 ಅಂದರೆ ನೀಲಿ ಬೆರೆತ ಬಿಳುಪು, 'ಕೂಲ್ ಡೇ ಲೈಟ್'. ನಮ್ಮ ಹೆಚ್ಚಿನ ಮನೆಗಳ ಟ್ಯೂಬು ಈ ಮೂರನೆಯ ಬಗೆಯದು.

ಮೈಸೂರು ಅರಮನೆಯ ಮುಂದೆ ಭಾನುವಾರ ಸಂಜೆ ಏಳಕ್ಕೆ ನಿಂತವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಿಲ್ಲ. ಒಂದು ಲಕ್ಷಕ್ಕೆ ಸ್ವಲ್ಪವೇ ಕಡಿಮೆ ಬಲ್ಬುಗಳು ಒಟ್ಟಿಗೆ ಹೊತ್ತಿದ ಕ್ಷಣ ಸೇರಿದ ಜನರೆಲ್ಲ 'ಓ' ಎನ್ನುತ್ತಾರೆ. ಆ ಉದ್ಗಾರದಲ್ಲಿ ಬಲ್ಬುಗಳ ಸಂಖ್ಯೆಯ ಪಾಲಿದ್ದಷ್ಟೇ ಅವುಗಳ ಹಳದಿಯ ಪಾಲೂ ಇದೆ. ಅದೇ ಅರಮನೆಗೆ ನೀಲಿ ಬಿಳುಪಿನ ಬಲ್ಬು ಹಾಕಿದರೆ ಹೇಗೆ ಕಾಣುತ್ತದೆ ಎಂದು ಒಮ್ಮೆ ಊಹಿಸಿಕೊಳ್ಳಿ. ಅರಮನೆ ನೋಡಿ ಮನೆಗೆ ಬಂದು, ಚಪ್ಪಲಿ ಬಿಟ್ಟು, ನಾವು ಒತ್ತುವ ಸ್ವಿಚ್ಚು ಮಾತ್ರ ಆ ನೀಲಿ ಬಿಳುಪಿನದೇ.

ಬಿಳಿ ಬೆಳಕು ಕೆಟ್ಟದ್ದೆಂದಲ್ಲ. ಸೂಜಿಗೆ ದಾರ ಪೋಣಿಸಲು, ಅಕ್ಕಿ ಆರಿಸಲು, ಲೆಕ್ಕ ಬರೆಯಲು ಅದು ಚೆನ್ನ. ಆದರೆ ಸಂಜೆಯ ಮೇಲೆ ಗಂಟೆಗಟ್ಟಲೆ ಪ್ರಖರವಾದ ನೀಲಿ ಬಿಳುಪಿನಲ್ಲಿ ಕುಳಿತರೆ, ನಿದ್ದೆಗೆ ಸಜ್ಜಾಗು ಎಂದು ದೇಹಕ್ಕೆ ಸೂಚನೆ ಕೊಡುವ ಮೆಲಟೋನಿನ್ ಹಾರ್ಮೋನು ತಡವಾಗಿ ಏರುತ್ತದೆ. ಹತ್ತು ಗಂಟೆಗೂ ಮಕ್ಕಳು ಮಲಗದೆ ಕುಣಿಯುವ ಮನೆಯಲ್ಲಿ ಮೊದಲು ಸೂರಿನತ್ತ ಒಮ್ಮೆ ತಲೆಯೆತ್ತಿ ನೋಡುವುದು ಒಳ್ಳೆಯದು.

---

ಬಾಕ್ಸ್ | ಡಬ್ಬಿಯ ಮೇಲೆ ಓದಬೇಕಾದದ್ದು

ಲ್ಯೂಮೆನ್: ಬಲ್ಬು ಕೊಡುವ ಬೆಳಕಿನ ಅಳತೆ. ವ್ಯಾಟ್ ಎಂಬುದು ಅದು ತಿನ್ನುವ ವಿದ್ಯುತ್ತು ಮಾತ್ರ. ಹಳೆಯ 60 ವ್ಯಾಟ್ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ಇಂದಿನ 9 ವ್ಯಾಟ್ ಎಲ್‌ಇಡಿ 800ರಿಂದ 900 ಕೊಡುತ್ತದೆ.

ಸಿಆರ್‌ಐ: ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಂಕ, 100ಕ್ಕೆ ಇಷ್ಟು ಎಂದು. 80 ಸಾಮಾನ್ಯ, 90 ಉತ್ತಮ. ಅಡುಗೆಮನೆ, ಕನ್ನಡಿಯ ಮುಂದೆ 90 ಇದ್ದರೆ ಚೆನ್ನ.

ಬಿ-22, ಇ-27: ಮೊದಲನೆಯದು ನಮ್ಮ ಮನೆಗಳ ಪಿನ್ ಹೋಲ್ಡರು. ಎರಡನೆಯದು ತಿರುಪಿನದು, ಅಲಂಕಾರದ ದೀಪಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಅಡಾಪ್ಟರು ಸಿಗುತ್ತದೆ. ಆದರೂ ಮನೆಯ ಹೋಲ್ಡರು ನೋಡಿಕೊಂಡೇ ಅಂಗಡಿಗೆ ಹೋದರೆ ಎರಡನೇ ಸಲ ಓಡುವುದು ತಪ್ಪುತ್ತದೆ.

---

ಗೂಡಿನಿಂದ ಸೂರಿಗೆ

ಹಳೆಯ ಮನೆಗಳ ಗೋಡೆಯಲ್ಲಿ ದೀಪದ ಗೂಡು ಇರುತ್ತಿತ್ತು. ನಿಂತವರ ಎದೆಯೆತ್ತರಕ್ಕೆ, ಕುಳಿತವರ ತಲೆಗಿಂತ ತುಸು ಮೇಲೆ. ಅದರೊಳಗೆ ಹಣತೆ, ಆಮೇಲೆ ಚಿಮಣಿ ಬುಡ್ಡಿ. ಉತ್ತರ ಕರ್ನಾಟಕದವರ ಕಂದೀಲು, ಹಳೇ ಮೈಸೂರಿನ ಕಡೆಯವರ ಲಾಟೀನು ಮನುಷ್ಯರ ಜೊತೆಯಲ್ಲೇ ಓಡಾಡುತ್ತಿದ್ದವು. ಕೊಟ್ಟಿಗೆಗೆ ಹೋದರೆ ಕೊಟ್ಟಿಗೆಗೆ, ಬಚ್ಚಲಿಗೆ ಹೋದರೆ ಬಚ್ಚಲಿಗೆ. ಬೆಳಕು ತೀರಾ ಕಡಿಮೆ, ಹೊಗೆ ಹೆಚ್ಚು, ಕಣ್ಣಿಗೆ ಕಷ್ಟ, ಎಲ್ಲ ನಿಜ. ಆದರೆ ಇದ್ದಷ್ಟು ಬೆಳಕು ಕೆಲಸದ ಮೇಲೆ ಬೀಳುತ್ತಿತ್ತು.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ವಿದ್ಯುತ್ತಾಯಿತು. ಅದರ ತಂತಿ ಮೊದಲು ಓಡಿದ್ದು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ. ಮೂರು ವರ್ಷಗಳ ಬಳಿಕ, 1905ರ ಆಗಸ್ಟ್ 5ರಂದು, ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಹೊತ್ತಿತು. ಮನೆಮನೆಗೆ ಬರಲು ಇನ್ನೂ ದಶಕಗಳು ಬೇಕಾದವು. ಬಂದಾಗಲೂ ಅದು ದುಬಾರಿ. ಬಲ್ಬೊಂದು ಹೋದರೆ ತಿಂಗಳ ಸಂಬಳದವರೆಗೆ ಕಾಯುತ್ತಿದ್ದ ಮನೆಗಳಿದ್ದವು.

ಹಾಗಾಗಿ ಬೆಳಕನ್ನು ಹಂಚಿಕೊಳ್ಳುವ ಜಾಣ್ಮೆ ಬೆಳೆಯಿತು. ಎರಡು ಕೋಣೆಗಳ ನಡುಗೋಡೆಯಲ್ಲಿ ಕಿಂಡಿ ಕೊರೆದು, ಅದರಲ್ಲಿ ಒಂದೇ ಬಲ್ಬು ಇಟ್ಟು, ಅತ್ತ ಅಡುಗೆ ಇತ್ತ ಓದು ಎರಡನ್ನೂ ಸಾಗಿಸಿದ ಮನೆಗಳನ್ನು ಐವತ್ತು ದಾಟಿದವರು ಬಹಳ ಮಂದಿ ನೋಡಿದ್ದಾರೆ. ಬಡವರ ಮನೆಗೆ ಸರ್ಕಾರದ 'ಭಾಗ್ಯಜ್ಯೋತಿ' ಬಂದಾಗಲೂ ಅದು ಒಂದೇ ಬಲ್ಬಿನ ಸಂಪರ್ಕ. ಒಂದೇ ಇರುವುದಾದರೆ ಅದನ್ನು ಎಲ್ಲರಿಗೂ ಸಿಗುವಂತೆ ಎತ್ತರದಲ್ಲಿ ಕಟ್ಟಬೇಕು. ದೀಪ ಗೂಡಿನಿಂದ ಸೂರಿಗೆ ಏರಿದ್ದು ಹೀಗೆ. ಆಮೇಲೆ ನಾಲ್ಕಡಿ ಟ್ಯೂಬು ಬಂತು. ಅದನ್ನೂ ನಾವು ಅಲ್ಲೇ, ಬಾಗಿಲ ಮೇಲಿನ ದೇವರ ಪಟದ ಪಕ್ಕ ಹೊಡೆದೆವು.

ಈಗ ಆ ಕೊರತೆ ಇಲ್ಲ. ನೀಲಿ ಬೆಳಕು ಸೂಸುವ ಎಲ್‌ಇಡಿಯನ್ನು ಕಂಡುಹಿಡಿದ ಜಪಾನಿನ ಅಕಸಾಕಿ, ಅಮಾನೊ ಮತ್ತು ಜಪಾನ್ ಮೂಲದ ನಕಾಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆ ನೀಲಿಗೆ ಹಳದಿ ಫಾಸ್ಫರ್‌ನ ಲೇಪ ಕೊಟ್ಟರೆ ಬಿಳಿ ಬೆಳಕು. ಮುಂದೆ 'ಉಜಾಲಾ' ಎಂದು ಹೆಸರಾದ ಕೇಂದ್ರ ಸರ್ಕಾರದ ಯೋಜನೆಗೆಂದು ಸಗಟಾಗಿ ಕೊಳ್ಳುವಾಗ 2014ರ ಆರಂಭದಲ್ಲಿ ಒಂದು ಬಲ್ಬಿಗೆ 310 ರೂಪಾಯಿ ಇತ್ತು. 2016ರ ಹೊತ್ತಿಗೆ ಅದು 38 ರೂಪಾಯಿಗೆ ಇಳಿದಿತ್ತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬುಗಳು ಈ ಯೋಜನೆಯಲ್ಲಿ ಹಂಚಿಕೆಯಾದವು. ಕರ್ನಾಟಕದಲ್ಲಿ ಅದಕ್ಕೆ 'ಹೊಸ ಬೆಳಕು' ಎಂಬ ಹೆಸರಿತ್ತು.

ಬಲ್ಬು ಅಗ್ಗವಾಯಿತು, ವಿದ್ಯುತ್ತಿನ ಹಸಿವೂ ತಗ್ಗಿತು. ದಿನಕ್ಕೆ ಐದು ಗಂಟೆ ಉರಿದರೆ ಹಳೆಯ 60 ವ್ಯಾಟ್ ಬಲ್ಬಿಗೆ ತಿಂಗಳಿಗೆ 9 ಯೂನಿಟ್ ಬೇಕಿತ್ತು. 9 ವ್ಯಾಟ್ ಎಲ್‌ಇಡಿಗೆ ಒಂದೂಕಾಲು ಯೂನಿಟ್ಟಿಗೆ ತುಸು ಹೆಚ್ಚು. ಒಂದು ಬಲ್ಬಿನ ವಿದ್ಯುತ್ತಿನಲ್ಲಿ ಆರು ಬಲ್ಬು! ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಮ್ಮ ಪಾಲಿನ ಯೂನಿಟ್ಟು ಮೀರದಂತೆ ಮೀಟರಿನ ಮೇಲೆ ಕಣ್ಣಿಟ್ಟಿರುವವರಿಗೂ ಇದು ನಿಶ್ಚಿಂತೆಯ ಮಾತು. ಅಂದಮೇಲೆ ಒಂದೇ ದೀಪವನ್ನು ಸೂರಿಗೆ ಕಟ್ಟಿ ಇಡೀ ಮನೆ ಅದರ ಕೆಳಗೆ ಬದುಕಬೇಕಾದ ಕಾರಣ ಉಳಿದಿಲ್ಲ. ದೀಪವನ್ನು ಮತ್ತೆ ಕೆಳಗಿಳಿಸಬಹುದು. ಗೂಡಿನ ಎತ್ತರಕ್ಕೆ, ಕೈ ಇರುವಲ್ಲಿಗೆ.

ಹೆಚ್ಚುವವರ ಕೈಮೇಲೆ ಅವರದೇ ನೆರಳು

ಬದಲಾವಣೆ ಶುರುವಾಗಬೇಕಾದದ್ದು ಹಾಲ್‌ನಿಂದಲ್ಲ, ಅಡುಗೆಮನೆಯಿಂದ. ಹಬ್ಬಕ್ಕೆ ಬರುವ ನೆಂಟರಿಗೆ ಕಾಣುವುದು ಹಾಲ್, ನಿಜ. ಆದರೆ ಮನೆಯಲ್ಲಿ ಚಾಕು, ಬೆಂಕಿ, ಕುದಿಯುವ ಎಣ್ಣೆ ಮೂರೂ ಇರುವ ಜಾಗ ಇದೊಂದೇ. ಎಲ್ಲಕ್ಕಿಂತ ಕೆಟ್ಟ ಬೆಳಕಿರುವುದೂ ಇಲ್ಲೇ.

ಸಾಮಾನ್ಯ ಅಡುಗೆಮನೆಯಲ್ಲಿ ದೀಪ ಇರುವುದು ನಡುವಿನ ಸೂರಿನಲ್ಲಿ, ಇಲ್ಲವೇ ಬಾಗಿಲ ಮೇಲೆ. ಕಟ್ಟೆ ಇರುವುದು ಎದುರು ಗೋಡೆಗೆ. ಅಡುಗೆ ಮಾಡುವವರು ದೀಪಕ್ಕೆ ಬೆನ್ನು ಕೊಟ್ಟೇ ನಿಲ್ಲಬೇಕು. ಈಳಿಗೆಮಣೆಯೋ ಹೆಚ್ಚುವ ಹಲಗೆಯೋ, ಅದರ ಮೇಲೆ ಬೀಳುವುದು ಅವರದೇ ತಲೆಯ ನೆರಳು. ಒಗ್ಗರಣೆಯ ಸಾಸಿವೆ ಸಿಡಿಯಿತೇ ಎಂದು ಕಿವಿಯಿಂದ, ಉದ್ದಿನಬೇಳೆ ಕೆಂಪಾಯಿತೇ ಎಂದು ಮೂಗಿನಿಂದ ತಿಳಿಯುತ್ತ ಎಷ್ಟೋ ಹೆಂಗಸರು ವರ್ಷಗಟ್ಟಲೆ ಅಡುಗೆ ಮಾಡಿದ್ದಾರೆ. ಇದನ್ನು ಯಾರೂ ಕೊರತೆಯೆಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಪರಿಹಾರದ ಖರ್ಚು ಎರಡು ಮೂರು ನೂರು ರೂಪಾಯಿ. ಒಂದಡಿ ಅಥವಾ ಎರಡಡಿ ಉದ್ದದ ತೆಳು ಎಲ್‌ಇಡಿ ಪಟ್ಟಿ, ಅಂಗಡಿಯವರು 'ಬ್ಯಾಟನ್' ಎನ್ನುವುದು. ಕಟ್ಟೆಯ ಮೇಲಿನ ಕಡಪ ಕಲ್ಲಿನ ಶೆಲ್ಫಿನ ತಳಕ್ಕೆ, ಗೋಡೆಯ ಕಡೆಗಲ್ಲ, ಮುಂಭಾಗದ ಅಂಚಿಗೆ ಅದನ್ನು ಅಂಟಿಸಬೇಕು. ಆಗ ಬೆಳಕು ಮುಖ ಮತ್ತು ಕೈಯ ನಡುವೆ ಬೀಳುತ್ತದೆ, ನೆರಳು ಬೆನ್ನ ಹಿಂದೆ ಹೋಗುತ್ತದೆ. ಶೆಲ್ಫಿನ ಅಂಚು ಅದನ್ನು ಮರೆಮಾಡುವುದರಿಂದ ಕಣ್ಣು ಕುಕ್ಕುವುದಿಲ್ಲ. ಇಲ್ಲಿ 4000 ಕೆಲ್ವಿನ್ ಇರಲಿ. ಪಾಲಕ್ಕಿನ ಹಳದಿ ಎಲೆ, ಬೇಳೆಯಲ್ಲಿನ ಕಲ್ಲು ಎರಡೂ ತಪ್ಪದೆ ಕಾಣುತ್ತವೆ. ಒಲೆಯ ನೇರ ಮೇಲೆ ಮತ್ತು ಸಿಂಕಿನ ನೀರು ಹಾರುವಲ್ಲಿ ಮಾತ್ರ ಬೇಡ.

ದೀಪವನ್ನು ಹತ್ತಿರ ತರುವುದರ ಹಿಂದಿರುವ ವಿಜ್ಞಾನ ಹೈಸ್ಕೂಲಿನದು. ಬೆಳಕಿನ ಮೂಲದಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮೇಜಿನಿಂದ ಎಂಟಡಿ ಮೇಲಿರುವ ಬಲ್ಬನ್ನು ಎರಡಡಿಗೆ ಇಳಿಸಿದರೆ ನೇರವಾಗಿ ಬೀಳುವ ಬೆಳಕು ಹದಿನಾರು ಪಟ್ಟು ಹೆಚ್ಚುತ್ತದೆ. ಎಸ್ಸೆಸ್ಸೆಲ್ಸಿ ಓದುವ ಮಗುವಿಗೆ ಕೋಣೆಗೆ ಇನ್ನೊಂದು ಟ್ಯೂಬು ಹಾಕಿಸುವ ಬದಲು 5 ವ್ಯಾಟಿನ ಒಂದು ಮೇಜುದೀಪ ಕೊಡಿಸಿದರೆ ಪುಸ್ತಕಕ್ಕೆ ಹೆಚ್ಚು ಬೆಳಕು ಸಿಗುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಕ್ಕೆ, ಎಡಗೈಯವರಿಗೆ ಬಲಕ್ಕೆ ಇರಲಿ. ಕೋಣೆಯನ್ನು ಪೂರ್ತಿ ಕತ್ತಲು ಮಾಡಬೇಡಿ; ಪುಟದ ಬೆಳಕಿಗೂ ಸುತ್ತಲಿನ ಕತ್ತಲಿಗೂ ಅಂತರ ಹೆಚ್ಚಾದರೆ ಕಣ್ಣು ದಣಿಯುತ್ತದೆ.

ಮೇದರ ಬುಟ್ಟಿ, ಗುಳೇದಗುಡ್ಡದ ಖಣ

ಇನ್ನು ಹಾಲ್‌ಗೆ ಬರೋಣ. ಮೈಸೂರಿನ ಬಂಬೂ ಬಜಾರಿನಲ್ಲಾಗಲಿ, ನಿಮ್ಮೂರಿನ ಸಂತೆಯಲ್ಲಾಗಲಿ ಮೇದರು ಹೆಣೆದ ಬುಟ್ಟಿ ಸಿಗುತ್ತದೆ. ಮದುವೆಗೆ ಹಣ್ಣು ಜೋಡಿಸುವ, ಹೂವು ತುಂಬುವ ಬುಟ್ಟಿ. ಸಂದಿ ಬಿಟ್ಟು ಹೆಣೆದದ್ದನ್ನು ಆರಿಸಿ. ತಳದ ನಡುವೆ ಹೋಲ್ಡರು ಹಿಡಿಸುವಷ್ಟು ತೂತು ಮಾಡಿ, ಬುಟ್ಟಿಯನ್ನು ಬೋರಲು ಹಾಕಿ, ತೂಗುವ ಹೋಲ್ಡರಿನ ವೈರನ್ನು ಅದರೊಳಗಿಂದ ಎಳೆದರೆ ದೀಪ ಸಿದ್ಧ. ಒಳಗೆ 5 ವ್ಯಾಟಿನ ವಾರ್ಮ್ ವೈಟ್ ಬಲ್ಬು. ಬುಟ್ಟಿ, ಹೋಲ್ಡರು, ವೈರು, ಬಲ್ಬು ಎಲ್ಲ ಸೇರಿ ಸುಮಾರು ಐನೂರು ರೂಪಾಯಿಯ ಆಸುಪಾಸು.

ಸ್ವಿಚ್ಚು ಒತ್ತಿದಾಗ ನೋಡಬೇಕಾದದ್ದು ಬುಟ್ಟಿಯನ್ನಲ್ಲ, ಗೋಡೆಯನ್ನು. ಹೆಣಿಗೆಯ ಒಂದೊಂದು ಕಡ್ಡಿಯೂ ಸೂರಿನವರೆಗೆ ಉದ್ದ ನೆರಳು ಚಾಚುತ್ತದೆ, ಕೋಣೆಯ ತುಂಬ ಬಲೆ ಬೀಸಿದ ಹಾಗೆ. ಬಿದಿರಿನ ಹೊಂಬಣ್ಣಕ್ಕೆ ಬಲ್ಬಿನ ಹೊಂಬಣ್ಣ ಕೂಡುತ್ತದೆ. ನಗರದ ಅಲಂಕಾರದ ಮಳಿಗೆಗಳಲ್ಲಿ ಇಂಥದ್ದೇ ದೀಪಕ್ಕೆ ಸಾವಿರಗಳಲ್ಲಿ ಬೆಲೆ. ಸಂತೆಯಲ್ಲಿ ಕೊಂಡರೆ ಆ ಹಣ ಹೆಣೆದವರ ಕೈಗೇ ಹೋಗುತ್ತದೆ.

ಎರಡನೆಯದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ. ಕುಪ್ಪಸಕ್ಕೆಂದೇ ನೇಯುವ ಈ ಬಟ್ಟೆ ಉಡಿ ತುಂಬುವಾಗ, ಬಾಗಿನ ಕೊಡುವಾಗ ಮನೆಗೆ ಬಂದು ಟ್ರಂಕು ಸೇರುತ್ತದೆ. ಹೊಲಿಸಿಕೊಂಡವರಿಗಿಂತ ಮಡಚಿಟ್ಟವರೇ ಹೆಚ್ಚು. ಅದನ್ನು ಬಿಚ್ಚಿ ಕಿಟಕಿಗೆ ಹಿಡಿದು ನೋಡಿ: ನೆಲದ ಬಣ್ಣ ಹೊಳೆಯುತ್ತದೆ, ದಟ್ಟವಾಗಿ ನೇಯ್ದ ಬುಟ್ಟಾಗಳು ಸಣ್ಣ ಸಣ್ಣ ನೆರಳಾಗಿ ನಿಲ್ಲುತ್ತವೆ. ದೀಪದ ಮುಂದೆಯೂ ಅದು ಹೀಗೇ ಕಾಣುತ್ತದೆ. ಹಳೆಯ ಮೇಜುದೀಪದ ಹರಿದ ಶೇಡನ್ನು ಕಿತ್ತು, ತಂತಿಯ ಚೌಕಟ್ಟನ್ನು ಮಾತ್ರ ಉಳಿಸಿಕೊಂಡು, ಮೊದಲು ತೆಳು ಬಿಳಿ ಹತ್ತಿ ಬಟ್ಟೆ, ಅದರ ಮೇಲೆ ಖಣ ಸುತ್ತಿ, ಅಂಚನ್ನು ಕೈಹೊಲಿಗೆಯಲ್ಲಿ ಮುಗಿಸಿದರೆ ಒಂದು ಮಧ್ಯಾಹ್ನದ ಕೆಲಸ. ಒಳಗಿನ ಬಿಳಿ ಬಟ್ಟೆ ಬಿಟ್ಟರೆ ಬಲ್ಬಿನ ಚುಕ್ಕೆ ಹೊರಗೆ ಕಾಣುತ್ತದೆ, ಹಾಗಾಗಿ ಆ ಹಂತವನ್ನು ತಪ್ಪಿಸಬೇಡಿ. ಹರಿದ ಇಳಕಲ್ ಸೀರೆಯ ಸೆರಗೂ ಇದಕ್ಕೆ ಒಪ್ಪುತ್ತದೆ.

ದೀಪದ ಬುಡಕ್ಕೆ ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣಕ್ಕೆ ಹೋಗಬಹುದು. ಗೊಂಬೆ ಮಾಡುವ ಅದೇ ಚರಕಿಯಲ್ಲಿ, ಅದೇ ಆಲೆ ಮರದಲ್ಲಿ, ಅದೇ ಅರಗಿನ ಬಣ್ಣದಲ್ಲಿ ದೀಪದ ಕಂಬಗಳನ್ನೂ ಕಡೆಯುತ್ತಾರೆ. ಅದೂ ಬೇಡವಾದರೆ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇದ್ದೇ ಇದೆ. ಪಿಂಗಾಣಿ ಕೊರೆಯಲು ಹೋದರೆ ಬಿರುಕು ಬಿಡುತ್ತದೆ. ವೈರನ್ನು ಬಾಯಿಯಿಂದಲೇ ಹೊರಗೆ ತೆಗೆದು ಹಿಂಬದಿಯಲ್ಲಿ ಇಳಿಸಿ.

ಕರಾವಳಿಯವರಿಗೆ ಈ ಪಾಠ ಬೇಕಿಲ್ಲ. ಬಿದಿರಿನ ಕಡ್ಡಿ, ಬಣ್ಣದ ಕಾಗದದ ಗೂಡುದೀಪ ಅಲ್ಲಿ ಮನೆಮನೆಯ ವಿದ್ಯೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ದೀಪಾವಳಿ ಹೊತ್ತಿಗೆ ಅದಕ್ಕೆಂದೇ ಸ್ಪರ್ಧೆ ನಡೆಯುತ್ತದೆ. ಕಡ್ಡಿ, ಕಾಗದವಷ್ಟೇ ಅಲ್ಲ, ಧಾನ್ಯ ಅಂಟಿಸಿ ಮಾಡಿದ ಗೂಡುಗಳೂ ಬರುತ್ತವೆ. ಉತ್ತರ ಕರ್ನಾಟಕದಲ್ಲಿ ಇದೇ ಆಕಾಶಬುಟ್ಟಿ. ಕಾರ್ತಿಕ ಮುಗಿದ ಮೇಲೆ ಅಟ್ಟಕ್ಕೆ ಎಸೆಯುವ ಬದಲು ಅದನ್ನು ಮಳೆ ತಾಗದ ಜಗಲಿಗೆ ತಂದು ಕಟ್ಟಿದರೆ ವರ್ಷವಿಡೀ ದೀಪದ ಶೇಡಾಗುತ್ತದೆ.

---

ಬಾಕ್ಸ್ | ಬಾಡಿಗೆ ಮನೆಯವರಿಗೆ

'ಮೊಳೆ ಹೊಡೆಯಬಾರದು' ಎಂಬುದು ಮನೆ ಓನರ್ ಹೇಳುವ ಮೊದಲ ಮಾತು. ಹಾಗಾಗಿ ಗೋಡೆಗೆ ಕೈ ಹಚ್ಚದ ದೀಪಗಳನ್ನೇ ಆರಿಸಿ.

ಪ್ಲಗ್ಗಿಗೆ ಸಿಕ್ಕಿಸುವ ಮೇಜುದೀಪ, ಮೂಲೆಯಲ್ಲಿ ನಿಲ್ಲಿಸುವ ದೀಪ. ಕಪಾಟಿನ ಹಿಂದೆ ಅಂಟಿಸುವ 12 ವೋಲ್ಟಿನ ಎಲ್‌ಇಡಿ ಪಟ್ಟಿ. ಇದು ಅಡಾಪ್ಟರಿನಿಂದ ನಡೆಯುತ್ತದೆ. ಕತ್ತರಿ ಗುರುತು ಇದ್ದಲ್ಲಿ ಮಾತ್ರ ಕತ್ತರಿಸಬೇಕು. ಮನೆ ಬಿಡುವಾಗ ಎಲ್ಲವೂ ನಿಮ್ಮೊಂದಿಗೇ ಬರುತ್ತವೆ.

ಮೊದಲಿದ್ದ ಬಲ್ಬು, ಟ್ಯೂಬುಗಳನ್ನು ತೆಗೆದು ಜೋಪಾನವಾಗಿಡಿ. ಖಾಲಿ ಮಾಡುವ ದಿನ ಅವು ಸ್ವಸ್ಥಾನ ಸೇರಲಿ, ಅಡ್ವಾನ್ಸಿನ ಹಣಕ್ಕೆ ತಕರಾರು ಬರದಿರಲಿ.

---

ಹಗಲು ಪುಕ್ಕಟೆ

ದೀಪದ ಮಾತಿನಲ್ಲಿ ಹಗಲನ್ನು ಮರೆಯಬಾರದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹೆಂಚು ಕರಾವಳಿ, ಮಲೆನಾಡಿನ ಮನೆಗಳನ್ನು ಹೊದೆಯಿತು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು ಕೂರಿಸಿ ಕತ್ತಲ ಒಳಮನೆಗೆ ಬಿಸಿಲು ಇಳಿಸಿದರು. ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಅದೇ ಕೆಲಸವನ್ನು ಬೆಳಕಿಂಡಿ ಮಾಡಿತು.

ಅಪಾರ್ಟ್‌ಮೆಂಟಿನಲ್ಲಿ ಹೆಂಚಿಲ್ಲ. ಆದರೆ ಕಿಟಕಿಯ ಎದುರು ಗೋಡೆಗೆ ಒಂದು ಕನ್ನಡಿ ಒರಗಿಸಬಹುದು. ಅಚ್ಚ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಎಂಬತ್ತು ಭಾಗವನ್ನು ಮರಳಿಸುತ್ತದೆ. ಕಡುಬಣ್ಣದ ಗೋಡೆ ಅದರ ಬಹುಪಾಲನ್ನು ನುಂಗುತ್ತದೆ. ಇಡೀ ಮನೆಗೆ ಸುಣ್ಣಬಣ್ಣ ಮಾಡಿಸಲು ಆಗದಿದ್ದರೆ ಸೂರು ಮತ್ತು ಕಿಟಕಿಯ ಎದುರಿನ ಒಂದು ಗೋಡೆಗೆ ಮಾತ್ರ ಬಿಳಿ ಹೊಡೆಸಿ. ಫ್ಯಾನಿನ ರೆಕ್ಕೆ, ಕಿಟಕಿ ಗಾಜು, ಬಲ್ಬಿನ ಮೇಲಿನ ಧೂಳು ಒರೆಸಲು ಕಾಸೂ ಖರ್ಚಿಲ್ಲ. ವರ್ಷದಿಂದ ಒರೆಸದ ಟ್ಯೂಬನ್ನು ಸ್ವಿಚ್ ಆರಿಸಿ ಒರೆಸಿ ನೋಡಿದವರು ಹೊಸ ಟ್ಯೂಬು ಕೊಳ್ಳುವ ಯೋಚನೆ ಕೈಬಿಟ್ಟದ್ದುಂಟು.

ಬೆಳಕು ಹೆಚ್ಚಿದಾಗ ಮಾಸಿದ ಸೋಫಾವೂ ಎದ್ದು ಕಾಣುತ್ತದೆ; ಅದನ್ನು ಬದಲಿಸಲು ಹಣವಿಲ್ಲದವರಿಗೆ ಕೌದಿ ಇದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ, ಇಡೀ ಮೈಗೆ ಓಟದ ಹೊಲಿಗೆ ಹಾಕಿದ ಅಜ್ಜಿಯ ಕೌದಿ ಹೊದೆಯಲು ಮಾತ್ರವಲ್ಲ, ಮಾಸಿದ ಸೋಫಾದ ಮೇಲೂ ಬೋಳು ಗೋಡೆಯ ಮೇಲೂ ಸೊಗಸು. ಗೋಡೆಗೆ ಕಟ್ಟಿ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಹೊಲಿಗೆಯ ಒಂದೊಂದು ಸಾಲೂ ಉಬ್ಬಿ ಕಾಣುತ್ತದೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರವೂ ಈಗ ಹಲಗೆ, ಬಟ್ಟೆಗಳ ಮೇಲೆ ಸಿಗುತ್ತದೆ. ವಾರ್ಮ್ ವೈಟ್ ಬೆಳಕಿನಲ್ಲಿ ಆ ಕೆಂಪನ್ನು ನೋಡಬೇಕು.

ಅಗ್ಗಕ್ಕೂ ಒಂದು ಮಿತಿ

ಕಡಿಮೆ ಖರ್ಚು ಮಾಡಬಾರದ ಜಾಗಗಳೂ ಇವೆ. ವೈರು, ಪ್ಲಗ್ಗು, ಹೋಲ್ಡರುಗಳನ್ನು ಐಎಸ್‌ಐ ಗುರುತು ನೋಡಿಯೇ ಕೊಳ್ಳಬೇಕು. ಫುಟ್‌ಪಾತಿನ ಐವತ್ತು ರೂಪಾಯಿಯ ಸೀರಿಯಲ್ ಸೆಟ್ಟಿನ ವೈರನ್ನು ಉಗುರಿನಿಂದ ಗೀರಿ ನೋಡಿ: ಮೇಲಿನ ಪ್ಲಾಸ್ಟಿಕ್ಕು ಸಿಪ್ಪೆಯಂತೆ ಸುಲಿದು ಬಂದರೆ ಅದನ್ನು ಮನೆಗೆ ತರಬೇಡಿ. ಹಬ್ಬದ ದಿನ ಅದೇ ವೈರು ಮಕ್ಕಳ ಕೈಗೆಟಕುವ ಕಬ್ಬಿಣದ ಗೇಟಿಗೆ ಸುತ್ತಿಕೊಂಡಿರುತ್ತದೆ.

ಬುಟ್ಟಿ, ಬಟ್ಟೆ, ಕಾಗದದೊಳಗೆ ಎಲ್‌ಇಡಿ ಬಲ್ಬು ಮಾತ್ರ ಇರಬೇಕು, ಅದೂ 5ರಿಂದ 7 ವ್ಯಾಟಿನೊಳಗೆ. ತಾನು ತಿನ್ನುವ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಸುವ ಹಳೆಯ ತಂತಿಯ ಬಲ್ಬು ಅಲ್ಲಿ ಖಂಡಿತ ಬೇಡ. ಎಲ್‌ಇಡಿಯಾದರೂ ಬಲ್ಬಿಗೂ ಬಟ್ಟೆಗೂ ನಾಲ್ಕು ಬೆರಳಿನ ಅಂತರವಿರಲಿ, ಮೇಲ್ಭಾಗದಲ್ಲಿ ಗಾಳಿಯಾಡಲಿ. ಜಮಖಾನದ ಕೆಳಗೆ ವೈರು ಹಾಯಿಸಬೇಡಿ. ಬಾಲ್ಕನಿಗೆ 'ಐಪಿ 65' ಎಂದು ಬರೆದ, ನೀರು ತಡೆಯುವ ದೀಪವೇ ಆಗಬೇಕು. ಸೂರಿನ ವೈರಿಂಗಿಗೆ ಕೈ ಹಾಕುವ ಕೆಲಸ ಎಲೆಕ್ಟ್ರಿಷಿಯನ್ನರದು. ಅವರು ಬಂದಾಗ ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದೂ ಕೇಳಿಬಿಡಿ. ಕರೆಂಟು ದೇಹದ ಮೂಲಕ ಸೋರಿದ ತಕ್ಷಣ ಲೈನನ್ನು ಕಡಿಯುವ ಸಾಧನ ಅದು. ಅಲಂಕಾರದ ಖರ್ಚಿನಲ್ಲಿ ಒಂದನ್ನು ಬಿಟ್ಟಾದರೂ ಇದನ್ನು ಹಾಕಿಸುವುದು ಮೇಲು.

---

ಬಾಕ್ಸ್ | ಹಳೆಯ ಟ್ಯೂಬು ಎಲ್ಲಿಗೆ?

ಹಳೆಯ ಟ್ಯೂಬು ಮತ್ತು ಸಿಎಫ್‌ಎಲ್‌ಗಳೊಳಗೆ ಪಾದರಸವಿದೆ. ಕಸದ ಬುಟ್ಟಿಗೆ ಹಾಕಿ ಒಡೆದರೆ ಅದರ ಆವಿ ಮೊದಲು ತಾಗುವುದು ಪೌರಕಾರ್ಮಿಕರಿಗೆ. ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ.

ಮನೆಯಲ್ಲಿ ಒಡೆದರೆ ಕಿಟಕಿ ತೆರೆದು ಹದಿನೈದು ನಿಮಿಷ ಹೊರಗಿರಿ. ಪೊರಕೆ, ವ್ಯಾಕ್ಯೂಮ್ ಕ್ಲೀನರು ಬೇಡ. ದಪ್ಪ ಕಾಗದದಿಂದ ಚೂರು ಬಾಚಿ, ಪುಡಿಯನ್ನು ಒದ್ದೆ ಕಾಗದದಿಂದ ಒತ್ತಿ ತೆಗೆದು, ಮುಚ್ಚಳವಿರುವ ಡಬ್ಬಿಗೆ ಹಾಕಿ.

ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದದ ದೇಶಗಳು ಇಂಥ ಟ್ಯೂಬುಗಳ ತಯಾರಿಕೆ, ಆಮದು, ರಫ್ತನ್ನು 2027ರೊಳಗೆ ನಿಲ್ಲಿಸಲು 2023ರಲ್ಲಿ ಒಪ್ಪಿವೆ.

---

ಜೀರೋ ಬಲ್ಬಿನ ದಾರಿ

ಬೆಂಗಳೂರಿನಲ್ಲಿ 1936ರಲ್ಲಿ ಆರಂಭವಾಗಿ ಬಲ್ಬು ತಯಾರಿಸುತ್ತಿದ್ದ ಮೈಸೂರು ಲ್ಯಾಂಪ್ಸ್ ಕಾರ್ಖಾನೆ 2003ರಲ್ಲಿ ಬಾಗಿಲು ಮುಚ್ಚಿತು. ಹಳೆಯ ಬಲ್ಬಿನ ಕಾಲ ಮುಗಿಯುತ್ತ ಬಂದಿದ್ದರೂ ಅದರ ಒಂದು ಪಳೆಯುಳಿಕೆ ಕೆಲವು ಮನೆಗಳಲ್ಲಿ ಇನ್ನೂ ಉರಿಯುತ್ತಿದೆ: ರಾತ್ರಿಯ ಜೀರೋ ಬಲ್ಬು. ಹೆಸರಿಗೆ ಸೊನ್ನೆಯಾದರೂ ಅದು ತಿನ್ನುವುದು ಸುಮಾರು 15 ವ್ಯಾಟ್. ಹಳೆಯ ಮೀಟರುಗಳು ಅಷ್ಟು ಸಣ್ಣ ಹರಿವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲವಾದ್ದರಿಂದ ಆ ಹೆಸರು ಬಂತು. ಈಗಿನ ಮೀಟರು ಹಿಡಿಯುತ್ತದೆ. ರಾತ್ರಿ ಹತ್ತು ಗಂಟೆ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್.

ಅದರಲ್ಲೂ ಆ ಬಲ್ಬು ಇರುವುದು ಮಲಗುವ ಕೋಣೆಯ ಗೋಡೆಯ ಮೇಲ್ತುದಿಯಲ್ಲಿ. ರಾತ್ರಿ ಎರಡು ಗಂಟೆಗೆ ಎದ್ದ ಅಜ್ಜಿಗೆ ಬೇಕಾದದ್ದು ಅಲ್ಲಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರಲ್ಲಿ ಅಕ್ಷಿಪಟ ತಲುಪುತ್ತಿದ್ದ ಬೆಳಕಿನಲ್ಲಿ ಅರವತ್ತರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ತಲುಪುತ್ತದೆ. ಹಾಸಿಗೆಯಿಂದ ಬಚ್ಚಲವರೆಗಿನ ಹತ್ತು ಹೆಜ್ಜೆಯಲ್ಲಿ ಒಂದು ಹೊಸ್ತಿಲು, ಒಂದು ಕಾಲೊರಸು, ಒಂದು ತೇವದ ಜಾಗ ಇರುತ್ತವೆ. ಟ್ಯೂಬು ಹಾಕಿದರೆ ಎಲ್ಲರಿಗೂ ಎಚ್ಚರವಾಗುತ್ತದೆ ಎಂದು ಹಿರಿಯರು ಕತ್ತಲಲ್ಲೇ ಗೋಡೆ ಸವರಿಕೊಂಡು ನಡೆಯುತ್ತಾರೆ.

ನೆಲದಿಂದ ಒಂದಡಿ ಎತ್ತರದ ಪ್ಲಗ್ಗಿಗೆ ಸಿಕ್ಕಿಸುವ ಅರ್ಧ ವ್ಯಾಟಿನ ಹಳದಿ ರಾತ್ರಿದೀಪ ನೂರು ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಹಾಸಿಗೆಯ ಬಳಿ ಒಂದು, ಹೊಸ್ತಿಲ ಬಳಿ ಒಂದು. ಈ ಹಬ್ಬಕ್ಕೆ ಬುಟ್ಟಿ, ಖಣ, ಕನ್ನಡಿ ಯಾವುದೂ ಕೈಗೂಡದಿದ್ದರೆ ಇರಲಿ, ಈ ಎರಡನ್ನು ಮಾತ್ರ ತಪ್ಪದೆ ತನ್ನಿ. ರಾತ್ರಿಗೆ ಹತ್ತು ಗಂಟೆಯಂತೆ ಎರಡೂ ಉರಿದರೆ ತಿಂಗಳಿಗೆ ಬೇಕಾಗುವುದು ಒಂದು ಯೂನಿಟ್ಟಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ.